ವಾಸನೆ ಇಲ್ಲದ ಚಾವಣಿ

ಮೀನಿನ ವಾಸನೆಯಿಂದ ನನಗೆ ಏನೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಕಾಯಿಲೆಯ ಮಾತು ಬಂದಾಗಲೆಲ್ಲ ಅಂಕೋಲೆಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಅದೇ. ಒಣಮೀನು ಹರವಿದ ಅಂಗಳದಲ್ಲಿ ಕೂತು ನಾನು ನಿಶ್ಚಿಂತೆಯಿಂದ ಗಂಜಿ ಉಣ್ಣಬಲ್ಲೆ. ಅದೇ ಅಂಗಳಕ್ಕೆ ಯಾರಾದರೂ ಪೌಡರು ಬಳಿದುಕೊಂಡು ಬಂದರೆ ಎದೆ ಕಟ್ಟುತ್ತದೆ, ಕಣ್ಣು ಉರಿಯುತ್ತದೆ, ತಲೆಯ ಒಂದು ಪಕ್ಕ ಸಿಡಿಯಲು ಶುರುವಾಗುತ್ತದೆ. ಫಿನಾಯಿಲು, ಹೊಸ ಪೇಂಟು, ಸೊಳ್ಳೆಬತ್ತಿ, ಊದುಬತ್ತಿ, ಬಟ್ಟೆಗೆ ಹಾಕುವ ಘಮಘಮದ ನೀರು, ಎಲ್ಲವೂ ಅಷ್ಟೇ. ಮೀನುಗಾರರ ಮನೆಗೆ ಸೊಸೆಯಾಗಿ ಬಂದವಳಿಗೆ ಬಂಗಡೆ ಆಗುತ್ತದೆ, ಅತ್ತರು ಆಗುವುದಿಲ್ಲ ಎಂದರೆ ಜನ ನಂಬುವುದಾದರೂ ಹೇಗೆ? ಮೂಗು ಮುರಿಯುವವಳು ಎಂದು ಹೆಸರಾಯಿತು. ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟ ಮೇಲೆ ಕರೆಯುವವರೂ ಕಡಿಮೆಯಾದರು. ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಮೊದಲು ಹೀಗಿರಲಿಲ್ಲ. ಕಾರವಾರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಲವತ್ತು ದಾಟಿದ ಮೇಲೆ ಒಂದೊಂದಾಗಿ ವಾಸನೆಗಳು ನನ್ನ ಮೇಲೆ ತಿರುಗಿಬಿದ್ದವು. ಒಬ್ಬ ಡಾಕ್ಟರು ಅಲರ್ಜಿ ಎಂದರು. ಇನ್ನೊಬ್ಬರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಇರಬಹುದು, ಇಲ್ಲದಿರಲೂಬಹುದು ಎಂದರು. ಮೂರನೆಯವರು ನನ್ನನ್ನು ಬಿಟ್ಟು ನನ್ನ ಗಂಡನ ಮುಖ ನೋಡುತ್ತ, ಇದು ಮನಸ್ಸಿನದು ಎಂದರು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಮಾತ್ರ, ಇದಕ್ಕೆ ಗುಳಿಗೆ ಇಲ್ಲ ತಂಗೀ, ರಾಸಾಯನಿಕದಿಂದ ದೂರ ಇರುವುದೊಂದೇ ದಾರಿ ಎಂದು ನೇರವಾಗಿ ಹೇಳಿದರು. ಆ ಮಾತು ಕೇಳಿ ನೆಮ್ಮದಿಯಾಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಅದರ ಅರ್ಥ ಹೊಳೆದು ಆ ನೆಮ್ಮದಿ ಹೋಯಿತು.

ಏಕೆಂದರೆ ನನ್ನ ಗಂಡನ ಉದ್ಯೋಗವೇ ರಾಸಾಯನಿಕದ್ದು. ಇವರು ದೋಣಿಗಳಿಗೆ ಫೈಬರ್ ಹಾಕುವವರು. ಹಳೆಯ ಮರದ ದೋಣಿಯ ಮೈಗೆ ಫೈಬರಿನ ಬಟ್ಟೆ ಹಾಸಿ, ಅದರ ಮೇಲೆ ರೆಸಿನ್ ಎಂಬ ಜೇನಿನಂಥ ಅಂಟನ್ನು ಬ್ರಷ್ಷಿನಿಂದ ಬಳಿಯುತ್ತಾರೆ. ಅದು ಒಣಗಿದರೆ ದೋಣಿ ಇನ್ನಷ್ಟು ವರ್ಷ ಕಡಲು ಕಾಣುತ್ತದೆ. ಕಾರವಾರದ ಬಂದರಿನಿಂದ ಕೇಣಿಯ ದಂಡೆಯವರೆಗೂ ಇವರಿಗೆ ಕರೆ ಬರುತ್ತದೆ, ಕೆಲಸದಲ್ಲಿ ಇವರ ಕೈ ಅಷ್ಟು ಚೆಂದ. ಆದರೆ ಆ ರೆಸಿನ್ನಿನ ವಾಸನೆ ಬಟ್ಟೆಗೆ, ಕೂದಲಿಗೆ, ಉಗುರಿನ ಸಂದಿಗೆ, ಕೊನೆಗೆ ಬೆವರಿಗೂ ಹತ್ತಿಕೊಳ್ಳುತ್ತದೆ. ಎಷ್ಟು ಮಿಂದರೂ ಹೋಗುವುದಿಲ್ಲ. ಕೆಲಸ ಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮಕ್ಕಳ ಪೌಡರು, ಎಣ್ಣೆಯ ವಾಸನೆ ತಾಳಲಾಗದೆ ನನ್ನ ನೌಕರಿ ಹೋಗಿತ್ತು, ಇವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದಕ್ಕಾಗುತ್ತದೆಯೇ?

ಹಾಗಾಗಿ ನಾವು ಮನೆಯನ್ನೇ ಹಂಚಿಕೊಂಡೆವು. ಕೆಳಗಿನ ಮನೆಯಲ್ಲಿ ಇವರು, ತಾರಸಿಯ ಮೇಲೆ ತಗಡು ಹೊದಿಸಿ ಕಟ್ಟಿದ ಒಂದೇ ಕೋಣೆಯಲ್ಲಿ ನಾನು. ಮಕ್ಕಳಿಲ್ಲದ ಮನೆ, ಹಂಚಿಕೊಳ್ಳುವುದು ಸುಲಭವಾಯಿತು. ಹೊರಗಿನ ಮೆಟ್ಟಿಲ ಮೇಲೆ ಇವರು ಕೂತು ಮಾತಾಡಿದರೆ ನಾನು ಬಾಗಿಲಲ್ಲಿ ನಿಂತು ಉತ್ತರ ಕೊಡುತ್ತೇನೆ. ಗಾಳಿ ಇವರ ಕಡೆಯಿಂದ ಬೀಸುತ್ತಿದ್ದರೆ ಅದೂ ಇಲ್ಲ, ಫೋನು. ಒಂದೇ ಮನೆಯ ಕೆಳಗಿನಿಂದ ಮೇಲಕ್ಕೆ ಫೋನು ಮಾಡಿ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಗಂಡ ಹೇಳಿದರೆ ನಗಬೇಕೋ ಅಳಬೇಕೋ ನನಗಂತೂ ತಿಳಿಯುತ್ತಿರಲಿಲ್ಲ.

ಮಳೆಗಾಲ, ಚಳಿಗಾಲ ಹೇಗೋ ಸಾಗುತ್ತಿತ್ತು. ಬೇಸಿಗೆ ಬಂತೆಂದರೆ ಆ ತಗಡಿನ ಕೋಣೆ ಕಾವಲಿ. ಹಿಂದಿನ ಬೇಸಿಗೆಯಲ್ಲಿ ನಾನು ಅಲ್ಲಿ ಎಚ್ಚರ ತಪ್ಪಿ ಬಿದ್ದೆ. ಆಮೇಲೆ ನಾನು ಕೆಳಗೆ ಇಳಿದೆ, ಇವರು ತಮ್ಮ ಚಾಪೆ ಸುತ್ತಿಕೊಂಡು ಕೇಣಿಯಲ್ಲಿರುವ ತಮ್ಮನ ಮನೆಗೆ ಹೋದರು. ಮಳೆ ಹಿಡಿಯುವವರೆಗೆ ಅಲ್ಲೇ ಇದ್ದರು. ಊರಿನಲ್ಲಿ ಗಂಡ ಹೆಂಡತಿ ಬೇರೆಯಾದರು ಎಂಬ ಸುದ್ದಿ ಹಬ್ಬಿ, ನನ್ನ ಕಿವಿಗೇ ಬಂದು ಮುಟ್ಟಿತು. ಇನ್ನೊಂದು ಬೇಸಿಗೆಗೆ ಹಾಗೆ ಆಗಬಾರದು ಎಂದು ನಾನು ನಿಶ್ಚಯಿಸಿದೆ. ಮೇಲಿನ ಕೋಣೆ ತಣ್ಣಗಾದರೆ ಇವರು ಮನೆಯಲ್ಲಿ ಉಳಿಯುತ್ತಾರೆ, ಆಗದಿದ್ದರೆ ಹೋಗಬೇಕಾಗುತ್ತದೆ. ವಿಷಯ ಇಷ್ಟೇ ಇತ್ತು.

ಚಾವಣಿಯ ಬಿಸಿ ತಡೆಯುವ ಸಾಮಾನು ಮಾರುವ ಅಂಗಡಿ ಕಾರವಾರದಲ್ಲಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗಿ ಬಾಗಿಲ ಹೊರಗೇ ನಿಂತೆ. ಅಂಗಡಿಯವರು ಒಳ್ಳೆಯವರು, ಒಂದೊಂದನ್ನೇ ಹೊರಗೆ ತಂದು ತೋರಿಸಿದರು. ಥರ್ಮಾಕೋಲಿನ ಹಲಗೆ. ಎರಡು ಕಡೆ ಬೆಳ್ಳಿಬಣ್ಣದ ಹಾಳೆ ಅಂಟಿಸಿದ ಹಾಸು. ಹಳದಿ ಗಾಜಿನ ನಾರಿನ ಹಾಸಿಗೆ. ತಗಡಿನ ಅಡಿಗೆ ಪಿಚಕಾರಿಯಿಂದ ಹೊಡೆಯುವ ನೊರೆ, ಅದು ನೋಡನೋಡುತ್ತ ಉಬ್ಬಿ ಗಟ್ಟಿಯಾಗುತ್ತದಂತೆ. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಪೇಂಟು. ಎಲ್ಲವೂ ಬಹಳ ಒಳ್ಳೆಯದು, ಯಾವುದಕ್ಕೂ ವಾಸನೆಯೇ ಇಲ್ಲ ಎಂದರು. ಅವರ ಮೂಗಿಗೆ ಅದು ನಿಜವೇ ಇರಬೇಕು. ಹತ್ತಿರ ಬಂದ ಆ ನೊರೆಯ ತುಂಡೊಂದೇ ಸಾಕಾಯಿತು ನನಗೆ, ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಬಹಳ ಹೊತ್ತು ತಲೆ ಹಿಡಿದುಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಎದ್ದು ಆಚೆ ಹೋದಳು, ಮುಖಕ್ಕೆ ಬಟ್ಟೆ ಕಟ್ಟಿದವಳ ಪಕ್ಕ ಯಾರು ಕೂರುತ್ತಾರೆ?

ಆದರೂ ಎಲ್ಲದರ ಒಂದೊಂದು ಚೂರು ಕೇಳಿ ತಂದಿದ್ದೆ. ಪರೀಕ್ಷೆ ಮಾಡುವ ಕ್ರಮವನ್ನು ನನ್ನಂಥವರು ಫೋನಿನಲ್ಲಿ ಹಂಚಿಕೊಂಡದ್ದನ್ನು ಓದಿ ಕಲಿತಿದ್ದೆ. ಸಾಮಾನಿನ ಚೂರನ್ನು ತೊಳೆದ ಗಾಜಿನ ಬಾಟಲಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಬಿಸಿಲಿಗೆ ಇಡುವುದು. ಬಿಸಿಲು ಏರಿದ ಮೇಲೆ ಮುಚ್ಚಳ ಸ್ವಲ್ಪವೇ ತೆರೆದು ಮೂಸುವುದು. ಚಾವಣಿಯ ಅಡಿಯಲ್ಲಿ ಆ ಸಾಮಾನು ಬೇಸಿಗೆಯಲ್ಲಿ ಏನು ಮಾಡುತ್ತದೆ ಎಂಬುದು ಬಾಟಲಿಯಲ್ಲೇ ಗೊತ್ತಾಗುತ್ತದೆ. ಉಪ್ಪಿನಕಾಯಿಯ ಬಾಟಲಿಗಳನ್ನು ತಾರಸಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಕೆಳಗಿನ ದಾರಿಯಲ್ಲಿ ಹೋಗುವವರು ಏನು ಉಪ್ಪಿನಕಾಯಿ ಅಕ್ಕೋರೆ ಎಂದು ಕೇಳುತ್ತಿದ್ದರು. ನಮ್ಮಲ್ಲಿ ಟೀಚರನ್ನು ಅಕ್ಕೋರು ಎನ್ನುತ್ತಾರೆ, ನೌಕರಿ ಹೋದರೂ ಆ ಹೆಸರು ಹೋಗಲಿಲ್ಲ. ಥರ್ಮಾಕೋಲು ನಪಾಸಾಯಿತು. ಬೆಳ್ಳಿ ಹಾಳೆಯ ಅಂಟು ನಪಾಸಾಯಿತು. ಗಾಜಿನ ನಾರನ್ನು ಬಾಟಲಿಗೆ ಹಾಕುವಾಗಲೇ ಕೈ ತುರಿಸಿತು. ಎಲ್ಲರೂ ತಂಪು ಎಂದು ಹೊಗಳುವ ಲಾವಂಚದ ಬೇರು ಕೂಡ ಬಾಟಲಿಯಲ್ಲಿ ಕಾದಾಗ ನನ್ನ ತಲೆ ಹಿಡಿಯಿತು, ನೈಸರ್ಗಿಕ ಎಂದ ಮಾತ್ರಕ್ಕೆ ನನ್ನ ಮೂಗು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಪಾಸಾದದ್ದು ತೆಂಗಿನ ನಾರು ಒಂದೇ.

ಅದೇ ದಿನಗಳಲ್ಲಿ ಇವರು ಒಂದು ಬಾಟಲಿಯನ್ನು ತಾವೇ ತುಂಬಿಸಿ ಬಿಸಿಲಿಗಿಟ್ಟರು. ಒಗೆದು ಒಣಗಿಸಿದ ತಮ್ಮ ಅಂಗಿಯನ್ನು ಸುರುಟಿ ಅದರೊಳಗೆ ತುರುಕಿದ್ದರು. ತಮಾಷೆಗೆ ಮಾಡಿದ್ದು. ಇದನ್ನೂ ನೋಡು, ಪಾಸೋ ನಪಾಸೋ ಎಂದು ಮೆಟ್ಟಿಲಿನಿಂದಲೇ ನಕ್ಕರು. ನಾನೂ ನಗುತ್ತಲೇ ಮುಚ್ಚಳ ತೆರೆದೆ. ಆಮೇಲೆ ನಗು ಉಳಿಯಲಿಲ್ಲ, ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಹೊಗೆಯ ಹಾಗೆ ಇದೆ, ಅಷ್ಟೇ ಎಂದು ಸುಳ್ಳು ಹೇಳಲು ನೋಡಿದೆ. ಇವರು ಮೇಲೆ ಬಂದು, ಉಸಿರು ಬಿಗಿ ಹಿಡಿದು, ಬಾಟಲಿಯನ್ನು ತೆಗೆದುಕೊಂಡು ಹೋದರು. ಉಸಿರು ಬಿಗಿ ಹಿಡಿದದ್ದು ನನಗಾಗಿ ಎಂದು ನನಗೆ ಗೊತ್ತಿತ್ತು, ಉಸಿರಿನಲ್ಲೂ ರೆಸಿನ್ನು ಇರಬಹುದು ಎಂಬ ಹೆದರಿಕೆ ಅವರಿಗೆ.

ತೆಂಗಿನ ನಾರು ಎಂದು ಗೊತ್ತಾದದ್ದೇ ತಡ, ಕೇಣಿಯ ಮೈದುನ ಕೆಲಸಕ್ಕೆ ನಿಂತ. ಇವರ ತಮ್ಮ, ಕಡಲಿಗೆ ಹೋಗುವವನು, ಮಾತಿಗಿಂತ ಕೈ ಮುಂದು. ಬಿದಿರಿನ ಚೌಕಟ್ಟು ಕಟ್ಟಿ, ನಡುವೆ ನಾರು ಒತ್ತಿ ತುಂಬಿ, ಹಗ್ಗದಿಂದ ಹೆಣೆದು, ತಗಡಿನ ಅಡಿಗೆ ಕಟ್ಟುವ ಹಲಗೆಗಳನ್ನು ಅವನೇ ಮಾಡಿಕೊಡುತ್ತೇನೆ ಎಂದ. ಕಟ್ಟುವಾಗ ಧೂಳು ಏಳುತ್ತದೆ, ನೀನು ಊರಲ್ಲಿ ಇರಬೇಡ ಎಂದು ಅಣ್ಣತಮ್ಮ ಇಬ್ಬರೂ ಸೇರಿ ನನ್ನನ್ನು ಹಣಕೋಣದ ತವರಿಗೆ ಕಳಿಸಿದರು. ತವರಿನಲ್ಲಿ ಅಣ್ಣನ ಹೆಂಡತಿ ನನಗಾಗಿ ದೇವರ ಮುಂದೆ ಊದುಬತ್ತಿ ಹಚ್ಚುವುದನ್ನು ನಿಲ್ಲಿಸಿದಳು. ಅದಕ್ಕಾಗಿ ದೇವರ ಬಳಿ ಪಿಸುದನಿಯಲ್ಲಿ ಕ್ಷಮೆ ಕೇಳುತ್ತಿದ್ದುದು ನನಗೆ ಕೇಳಿಸಿತು. ಆ ಮನೆಯಲ್ಲೂ ನಾನು ಅಂಗಳದಲ್ಲೇ ಹೆಚ್ಚು ಹೊತ್ತು ಕಳೆದೆ.

ಹಿಂದಿರುಗಿದ ದಿನ ಇಬ್ಬರೂ ಕೆಳಗೆ ಅಂಗಳದಲ್ಲಿ ನಿಂತು ಕಾಯುತ್ತಿದ್ದರು, ಮಕ್ಕಳು ಬಹುಮಾನಕ್ಕೆ ಕಾಯುವ ಹಾಗೆ. ನಾನು ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದೆ. ಕೋಣೆ ತಣ್ಣಗಿತ್ತು. ನಿಜವಾಗಿಯೂ ತಣ್ಣಗಿತ್ತು. ತಲೆ ಎತ್ತಿ ನೋಡಿದರೆ ಚಾವಣಿಯ ಹಲಗೆಗಳು ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಆಮೇಲೆ ಗಂಟಲು ಮುಚ್ಚಿಕೊಂಡಿತು. ಹೊರಗೆ ಹೇಗೆ ಬಂದೆನೋ, ಕಟ್ಟೆ ಹಿಡಿದು ಕುಸಿದೆ. ಮೈದುನ ಗಾಬರಿಯಿಂದ ಮೇಲೆ ಓಡಿಬಂದ.

"ಎಂತ ಹಚ್ಚಿದ್ಯೋ ಅದಕ್ಕೆ?" ಎಂದು ಕೇಳಿದೆ, ಉಸಿರು ಸಿಕ್ಕ ಮೇಲೆ.

"ಗೇರೆಣ್ಣೆ ವೈನಿ. ಬಿದಿರಿಗೆ ಒರಲೆ ಹತ್ತೂದಿಲ್ಲ. ನಮ್ಮ ದೋಣಿಗೆ ಹಚ್ಚೂದೇ."

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಅದು. ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ಅಜ್ಜನ ಕಾಲದಿಂದ ದೋಣಿಯ ಮರಕ್ಕೆ ಅದನ್ನು ಬಳಿದು ಬಂದವರು ಇವರ ಮನೆಯವರು. ರಾಸಾಯನಿಕ ಬೇಡ ಎಂದು ನಾನು ನೂರು ಸಲ ಹೇಳಿದ್ದನ್ನು ಅವನು ಕೇಳಿಸಿಕೊಂಡಿದ್ದ, ಪಾಲಿಸಿಯೂ ಇದ್ದ. ಅವನ ಲೆಕ್ಕದಲ್ಲಿ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವುದು ರಾಸಾಯನಿಕ, ಗೇರುಮರ ಕೊಟ್ಟದ್ದು ಹೇಗೆ ರಾಸಾಯನಿಕವಾಗುತ್ತದೆ? ಒಂದು ಕೋಣೆಯನ್ನು ದೋಣಿಯಷ್ಟೇ ಶ್ರದ್ಧೆಯಿಂದ ಕಾಪಾಡಲು ಹೋಗಿದ್ದ. ಅವನ ಎರಡೂ ಮುಂಗೈಗಳಲ್ಲಿ ಆ ಎಣ್ಣೆ ಸುಟ್ಟ ಗುಳ್ಳೆಗಳಿದ್ದವು. ಅವನನ್ನು ಬೈಯಲು ತೆರೆದ ಬಾಯನ್ನು ನಾನು ಮುಚ್ಚಿಕೊಂಡೆ. ಬೈದಿದ್ದರೆ ಅವನಿಗೇ ಹಗುರಾಗುತ್ತಿತ್ತೋ ಏನೋ. ಆಮೇಲೆ ಬಹಳ ದಿನ ಅವನು ನಮ್ಮ ಮನೆಯ ಕಡೆ ಬರಲಿಲ್ಲ. ಬಂದರೆ ವೈನಿಗೆ ಮತ್ತೆ ಏನಾದರೂ ಆದೀತು ಎಂದು ಇವರ ಬಳಿ ಹೇಳಿದನಂತೆ.

ಹಲಗೆಗಳನ್ನು ಬಿಚ್ಚಿ ಒಯ್ದರೂ ವಾಸನೆ ಕೋಣೆಯಲ್ಲಿ ಉಳಿಯಿತು. ಅಷ್ಟರಲ್ಲಿ ಮಾರ್ಚ್ ತಿಂಗಳ ಬಿಸಿಲು ಏರಿತು. ನಾನು ಕೆಳಗೆ ಇಳಿದೆ, ಇವರು ಚಾಪೆ ಸುತ್ತಿಕೊಂಡು ಕೇಣಿಗೆ ಹೋದರು. ಗೇಟಿನ ಹತ್ತಿರ ತಿರುಗಿ, ಗ್ಯಾಸಿನ ರೆಗ್ಯುಲೇಟರು ಸಡಿಲ ಇದೆ, ನೋಡಿಕೋ ಎಂದರು. ಆ ದಿನ ನಾನು ಅತ್ತೆ. ಅಳುವುದಕ್ಕೆ ನನಗೆ ನಾಚಿಕೆಯಿಲ್ಲ, ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಆಮೇಲೆ ಹಟ ಬಂತು. ಎಣ್ಣೆ ಹಚ್ಚದಿದ್ದರೆ ಬಿದಿರಿಗೆ ಗೆದ್ದಲು, ನಾರಿಗೆ ಬೂಸ್ಟು. ಯಾವ ಸಾಮಾನಿನಲ್ಲಿ ವಾಸನೆ ಕೊಡಲು ಇನ್ನೇನೂ ಉಳಿದಿಲ್ಲವೋ ಅದು ಬೇಕು ಎಂದು ಯೋಚಿಸುತ್ತಿದ್ದೆ. ಇನ್ನೊಮ್ಮೆ ಕಾರವಾರಕ್ಕೆ ಹೋಗಿ ಬರುವಾಗ ಅಮದಳ್ಳಿಯ ಹತ್ತಿರ ಬಸ್ಸಿನ ಕಿಟಕಿಯಿಂದ ಒಂದು ಹಳೆಯ ಮನೆ ಕೆಡವುತ್ತಿದ್ದುದು ಕಾಣಿಸಿತು. ಅಲ್ಲಿ ಸ್ಲ್ಯಾಬ್ ಹಾಕುವವರು ಮಾಡಿನ ಹಂಚುಗಳನ್ನೆಲ್ಲ ಇಳಿಸಿ ರಸ್ತೆಯ ಬದಿಗೆ ರಾಶಿ ಹಾಕಿದ್ದರು. ಒಮ್ಮೆ ಭಟ್ಟಿಯಲ್ಲಿ ಬೆಂದು, ಆಮೇಲೆ ತಲೆಮಾರುಗಟ್ಟಲೆ ಬಿಸಿಲು ಮಳೆ ತಿಂದ ಹಂಚು. ಅಲ್ಲೇ ಇಳಿದು ಒಂದು ಚೂರು ತಂದು ಬಾಟಲಿಗೆ ಹಾಕಿದೆ. ಬಿಸಿಲು ನೆತ್ತಿಗೆ ಬಂದಾಗ ತೆರೆದರೆ ಬಿಸಿ ಗಾಳಿ ಮಾತ್ರ ಬಂತು. ತಗಡಿನ ಅಡಿಯಲ್ಲಿ ಏನನ್ನೂ ಕಟ್ಟುವುದು ಬೇಡ, ಮೇಲೆ ಗೇಣು ಎತ್ತರದಲ್ಲಿ ಇನ್ನೊಂದು ಹಂಚಿನ ಮಾಡು ಮಾಡೋಣ, ನಡುವೆ ಗಾಳಿ ಆಡಲಿ ಎಂದು ಇವರಿಗೆ ಫೋನು ಮಾಡಿದೆ. ಇವರು ಕೋಣೆಯ ಅಳತೆ ಕೇಳಿಕೊಂಡು, ಆಗುತ್ತದೆ ಎಂದರು.

ಇವರು ಟೆಂಪೊದಲ್ಲಿ ತರಿಸಿ ಅಂಗಳಕ್ಕೆ ಇಳಿಸಿದ ಆ ಹಂಚುಗಳನ್ನು ನಾನೊಬ್ಬಳೇ ತೊಳೆದೆ. ಪಾಚಿ, ಮಸಿ, ಜೇಡರ ಬಲೆ, ಇಲಿಯ ಹಿಕ್ಕೆ ಎಲ್ಲವನ್ನೂ ತೆಂಗಿನ ಜುಂಗಿನಿಂದ ಉಜ್ಜಿದೆ. ಸಾಬೂನು ಆಗದವಳಿಗೆ ಬೂದಿ ಮತ್ತು ಅಂಟವಾಳಕಾಯಿಯೇ ಗತಿ. ಬೆನ್ನು ಸೆಟೆದು ನಿಂತಿತು. ನೆರೆಯ ಹೆಂಗಸು ಬೇಲಿಯಾಚೆಯಿಂದ, ಒಂದು ಕೋಣೆಗೆ ಇಷ್ಟೆಲ್ಲ ಯಾಕೆ, ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಎಂದಳು. ಅವಳಿಗೆ ಏನು ಹೇಳುವುದು? ನನ್ನ ಗಂಡ ಮನೆಗೆ ಬರಲಿ ಎಂದು ಹಂಚು ತೊಳೆಯುತ್ತಿದ್ದೇನೆ ಎಂದರೆ ಊರೆಲ್ಲ ಡಂಗುರವಾಗುತ್ತಿತ್ತು. ಸುಮ್ಮನೆ ಹೌದು ಎಂದೆ. ಕಬ್ಬಿಣದ ಪೈಪುಗಳನ್ನು ಇವರೇ ತಂದು, ಎಣ್ಣೆಯ ಜಿಡ್ಡು ಹೋಗುವವರೆಗೆ ಬೂದಿಯಿಂದ ತಿಕ್ಕಿ, ಹೊರಗಿನಿಂದಲೇ ಏಣಿ ಹಚ್ಚಿ ಕೂರಿಸಿದರು. ಹಂಚು ಹೊದಿಸುವವರು ಬಂದು ಹೊದಿಸಿ ಹೋದರು. ಎರಡು ತುದಿಗಳಲ್ಲಿ ಗಾಳಿಗೆ ದಾರಿ ಬಿಟ್ಟು ಜಾಳಿಗೆ ಬಡಿದರು. ಅಷ್ಟು ದಿನ ಕಿಟಕಿ ಬಾಗಿಲು ತೆರೆದಿಟ್ಟದ್ದರಿಂದ ಗೇರೆಣ್ಣೆಯ ವಾಸನೆಯೂ ಸೋತು ಹೋಗಿತ್ತು.

ಏಪ್ರಿಲ್ ನಡುವಿನ ಒಂದು ಮಧ್ಯಾಹ್ನ ನಾನು ಸ್ಟೂಲು ಹತ್ತಿ ತಗಡಿಗೆ ಒಳಗಿನಿಂದ ಅಂಗೈ ಹಚ್ಚಿದೆ. ಬೆಚ್ಚಗಿತ್ತು, ಅಷ್ಟೇ. ನೆಲದ ಮೇಲೆ ಚಾಪೆ ಹಾಸಿ ಮಲಗಿದೆ. ಏನೂ ವಾಸನೆ ಬರಲಿಲ್ಲ, ತಲೆ ನೋಯಲಿಲ್ಲ, ಎದ್ದಾಗ ಸಂಜೆಯಾಗಿತ್ತು. ಎಷ್ಟೋ ವರ್ಷಗಳ ಮೇಲೆ ಹಾಗೆ ಹಗಲು ನಿದ್ದೆ ಮಾಡಿದ್ದು. ಗೆದ್ದೆ ಎಂದು ಖುಷಿಯಾಯಿತು. ಮರುದಿನವೇ ನನ್ನ ಬಟ್ಟೆ ಪಾತ್ರೆಗಳನ್ನೆಲ್ಲ ಮೇಲಕ್ಕೆ ಒಯ್ದು, ಕೆಳಗಿನ ಮನೆಯನ್ನು ಗುಡಿಸಿ ಒರೆಸಿ, ಇವರಿಗೆ ಫೋನು ಮಾಡಿದೆ.

ರಜೆಯ ದಿನ ಬಂದರು. ಕೈಯಲ್ಲಿ ಕರಿ ಇಶಾಡು ಮಾವಿನಹಣ್ಣುಗಳಿದ್ದವು, ಮೆಟ್ಟಿಲ ಮೇಲೆ ಇಟ್ಟರು. ಒಳಗೆ ಬಂದು ನೋಡಿ ಎಂದೆ, ಗಾಳಿ ಕಡಲ ಕಡೆಯಿಂದ ಇದೆ, ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ ಎಂದೆ. ಇವರು ಬಾಗಿಲವರೆಗೆ ಬಂದರು, ಹೊಸ್ತಿಲು ದಾಟಲಿಲ್ಲ. ಕೈಯೊಂದನ್ನೇ ಒಳಗೆ ಚಾಚಿ, ಅಂಗೈ ಮೇಲೆ ಮಾಡಿ ಹಿಡಿದರು, ಮಳೆ ಬಂತೇ ಎಂದು ನೋಡುವವರ ಹಾಗೆ.

"ತಂಪು ಅದೆ," ಎಂದರು.

"ಮತ್ತೆ ಇನ್ನು ಕೇಣಿಲಿ ಎಂತಕ್ಕೆ? ಚಾಪೆ ತಕಂಡು ಬಂದ್ಬಿಡಿ," ಎಂದೆ.

ಇವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮೆಟ್ಟಿಲಿಗೆ ಇಳಿದು ಕೂತರು. ನನ್ನ ಕಡೆ ನೋಡದೆ ಮಾತಾಡಿದರು.

"ಬರೂಕೆ ಏನಿಲ್ಲ. ಆದ್ರೆ ಅಲ್ಲಿ ಕೆಲ್ಸ ಮುಗ್ಸಿ ಹೋದ್ರೆ ಸೀದಾ ಒಳಗೆ ಹೋತೆ. ತಮ್ಮನ ಮಕ್ಕಳು ಮೈಮೇಲೆ ಬಂದು ಬೀಳ್ತವೆ. ಯಾರೂ ನನ್ನ ಮೂಸೂದಿಲ್ಲ ಮಾರಾಯ್ತಿ. ನಿಂದು ತಪ್ಪು ಹೇಳಿ ಅಲ್ಲ. ಇಲ್ಲಿ ಬಂದ್ರೆ ನಂಗೆ ಉಸ್ರು ಬಿಡೂಕೂ ಹೆದ್ರಿಕೆ ಆತದೆ."

ನನಗೆ ಮೊದಲು ಸಿಟ್ಟೇ ಬಂದದ್ದು. ಇಷ್ಟು ಹಂಚು ತೊಳೆದದ್ದು ಯಾರಿಗಾಗಿ ಎಂದು ಕೇಳಬೇಕೆನಿಸಿತು. ಆದರೆ ಇವರ ಹೆಗಲು ನೋಡಿದೆ. ಮಾತಾಡುವಾಗಲೂ ಮುಖವನ್ನು ಆಚೆ ತಿರುಗಿಸಿ, ಉಸಿರು ನನ್ನ ಕಡೆ ಬಾರದ ಹಾಗೆ ಕೂತಿದ್ದರು. ಎಷ್ಟು ವರ್ಷಗಳಿಂದ ಹಾಗೆ ಕೂರುತ್ತಿದ್ದರು ಎಂಬುದನ್ನು ನಾನು ಲಕ್ಷ್ಯಕ್ಕೇ ತಂದುಕೊಂಡಿರಲಿಲ್ಲ. ನನಗೆ ಉಸಿರಾಡಲು ಜಾಗ ಹುಡುಕುವ ಗಡಿಬಿಡಿಯಲ್ಲಿ, ಇವರಿಗೂ ಒಂದು ಜಾಗ ಬೇಕು ಎಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಹಣ್ಣು ಕೊಯ್ದು ಕೊಟ್ಟೆ. ಇವರು ಮೆಟ್ಟಿಲ ಮೇಲೆ, ನಾನು ಬಾಗಿಲಲ್ಲಿ ಕೂತು ತಿಂದೆವು. ಹೊತ್ತು ಮುಳುಗುವ ಮುಂಚೆ ಹೊರಟರು, ಮುಂದಿನ ರಜೆಗೆ ಬರುತ್ತೇನೆ ಎಂದರು. ಹಾಗೆಯೇ ಬರುತ್ತಾರೆ, ಹಾಗೆಯೇ ಹೋಗುತ್ತಾರೆ.

ಈಗ ಮೇ ತಿಂಗಳು. ಮೇಲಿನ ಕೋಣೆ ತಣ್ಣಗಿದೆ, ಅದರಲ್ಲಿ ಎರಡು ಮಾತಿಲ್ಲ. ಕೆಳಗಿನ ಮನೆ ಖಾಲಿ ಇದೆ. ಅದು ಮೇಲಿನದಕ್ಕಿಂತ ದೊಡ್ಡದು, ಅಡುಗೆಮನೆ ಅಲ್ಲೇ ಇದೆ, ಬಾವಿಯೂ ಹತ್ತಿರ. ಗಂಡ ಕೇಣಿಯಲ್ಲಿರುವಾಗ ನೀವು ಯಾಕೆ ದಿನಾ ಮೆಟ್ಟಿಲು ಹತ್ತಿ ಇಳಿದು ಸಾಯುತ್ತೀರಿ, ಕೆಳಗೇ ಇರಬಾರದೇ ಎಂದು ನೆರೆಯವಳು ಕೇಳುತ್ತಾಳೆ. ಅವಳು ಹೇಳುವುದು ಸರಿಯೇ. ಆದರೆ ನಾನು ಕೆಳಗೆ ಚಾಪೆ ಹಾಸಿದೆನೆಂದರೆ ಇವರಿಗೆ ಬರಲು ಈ ಮನೆಯಲ್ಲಿ ಜಾಗವೇ ಇರುವುದಿಲ್ಲ. ಹಾಗಾಗಿ ಬೆಳಿಗ್ಗೆ ಇಳಿದು ಗುಡಿಸುತ್ತೇನೆ, ಸಂಜೆ ಬಾಗಿಲು ಎಳೆದುಕೊಂಡು ಮೇಲೆ ಹೋಗಿ ಮಲಗುತ್ತೇನೆ.